ಮರದ ಊರಿನಲ್ಲಿ ಒಂದು ದಿನ

"ಉಮ್ಮಾ, ನಾಳೆ ನಿಮ್ಮನ್ನು ಒಂದು ಮರದ ಊರಿಗೆ ಕರಕೊಂಡು ಹೋಗ್ತೇನೆ" ಎಂದು ಮಗಳು ಹೇಳಿದಾಗ ನಾನು ಯಾವುದೋ ಕಾಡಿನ ಬದಿಯ ಹಳ್ಳಿ ಇರಬೇಕೆಂದು ಭಾವಿಸಿದ್ದೆ. ಕಾಡಿಗೆ ಫಿನ್‌ಲ್ಯಾಂಡಿನಲ್ಲಿ ಏನು ಬರ? ಅವಳ ಮನೆಯ ಹಿಂದೆಯೇ ಕಾಡು. ಅವಳು ನಕ್ಕಳು. "ಕಾಡಲ್ಲ ಉಮ್ಮಾ, ಪೇಟೆ. ಮನೆ, ಅಂಗಡಿ, ಪಡಸಾಲೆ ಎಲ್ಲವೂ ಮರದ್ದು. ಇನ್ನೂರು ಮುನ್ನೂರು ವರ್ಷದ ಮನೆಗಳಲ್ಲಿ ಈಗಲೂ ಜನ ಸಂಸಾರ ಮಾಡ್ತಿದ್ದಾರೆ."

ಕಳೆದ ಜುಲೈಯಲ್ಲಿ ಮಗಳು ಅಳಿಯನನ್ನು ನೋಡಲು ನಾನು ತುರ್ಕು ನಗರಕ್ಕೆ ಹೋಗಿದ್ದೆ. ಮನಸ್ಸು ಮಾತ್ರ ಊರಿನಲ್ಲೇ ಇತ್ತು. ನಮ್ಮ ಉಮ್ಮ ತೀರಿ ಹೋದ ಮೇಲೆ ಖಾಲಿ ಬಿದ್ದಿರುವ ಹಂಚಿನ ಮನೆಯನ್ನು ಕೆಡವಿ ಮಾರಿಬಿಡೋಣವೆಂದು ಅಣ್ಣಂದಿರು ಮಾತಾಡುತ್ತಿದ್ದರು. ನನ್ನ ಅಭಿಪ್ರಾಯವನ್ನೂ ಕೇಳಿದ್ದರು. ನಾನು ಉತ್ತರ ಹೇಳದೆ ವಿಮಾನ ಹತ್ತಿದ್ದೆ.

ಬೆಂಕಿ ಉಳಿಸಿದ ಊರು

ನಾವು ಹೊರಟ ಊರಿನ ಹೆಸರು ರೌಮಾ. ತುರ್ಕುವಿನಿಂದ ಉತ್ತರಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಫಿನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲಿ, ಬೋತ್ನಿಯಾ ಕೊಲ್ಲಿಯ ದಂಡೆಯಲ್ಲಿದೆ. 1442ರಲ್ಲಿ ಪಟ್ಟಣದ ಹಕ್ಕು ಪಡೆದ ಇದು ಆ ದೇಶದ ಅತ್ಯಂತ ಹಳೆಯ ಪಟ್ಟಣಗಳಲ್ಲಿ ಒಂದು. ಹೊಸ ರೌಮಾದಲ್ಲಿ ಹಡಗು ಕಟ್ಟೆ, ಕಾಗದದ ಕಾರ್ಖಾನೆ, ಕಾಂಕ್ರೀಟ್ ಕಟ್ಟಡ ಎಲ್ಲವೂ ಇವೆ. ಅದರ ನಡುವೆ ಸುಮಾರು ಎಪ್ಪತ್ತು ಎಕರೆಯಷ್ಟು ಜಾಗದಲ್ಲಿ ಹಳೆಯ ರೌಮಾ ಹಾಗೆಯೇ ಉಳಿದಿದೆ. ಅಲ್ಲಿ ಸುಮಾರು 600 ಮರದ ಕಟ್ಟಡಗಳಿವೆ. ಸುಮಾರು 800 ಜನ ವಾಸವಾಗಿದ್ದಾರೆ. 1991ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮರದ ಊರಿಗೆ ಮೊದಲ ಶತ್ರು ಬೆಂಕಿ. ಒಂದು ಒಲೆಯ ಕಿಡಿ ಹಾರಿದರೆ ಇಡೀ ಬೀದಿ ಬೂದಿ. ರೌಮಾ 1640ರಲ್ಲಿ ಸುಟ್ಟಿತು. 1682ರಲ್ಲಿ ಮತ್ತೆ ಸುಟ್ಟಿತು. ಆ ಬಳಿಕ ಮಾತ್ರ ಊರನ್ನೇ ನುಂಗುವಂಥ ಬೆಂಕಿ ಅಲ್ಲಿ ಬಿದ್ದಿಲ್ಲ. ಮಗಳಿರುವ ತುರ್ಕುವಿಗೆ ಆ ಭಾಗ್ಯ ಸಿಗಲಿಲ್ಲ. 1827ರ ಮಹಾ ಬೆಂಕಿಯಲ್ಲಿ ಆ ನಗರದ ಬಹುಪಾಲು ನಾಶವಾಯಿತು. ಮತ್ತೆ ಕಟ್ಟಿದ ಮರದ ಮನೆಗಳನ್ನು ಬೆಂಕಿಯಲ್ಲ, ಮನುಷ್ಯರೇ ತೆಗೆದರು. ಎರಡನೇ ಮಹಾಯುದ್ಧದ ನಂತರ, ಅದರಲ್ಲೂ 1960ರ ದಶಕದಲ್ಲಿ, ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಭರಾಟೆ ಎಷ್ಟಿತ್ತೆಂದರೆ ಫಿನ್ನಿಶ್ ಜನ ಅದಕ್ಕೆ 'ತುರ್ಕು ರೋಗ' ಎಂದೇ ಹೆಸರಿಟ್ಟರು. ಈಗ ಅದನ್ನು ನೆನೆದು ಮರುಗುವವರು ಬಹಳ.

ಈ ಮಾತನ್ನು ಮಗಳು ಬಸ್ಸಿನಲ್ಲಿ ಹೇಳಿದಾಗ ನಾನು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಆ ರೋಗ ತುರ್ಕುವಿನಲ್ಲಿ ಮಾತ್ರ ಇದೆಯೇ?

ಹೆಸರಿರುವ ಮನೆಗಳು

ಬಸ್ಸಿನಿಂದ ಇಳಿದು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಡಾಂಬರು ರಸ್ತೆ ಮುಗಿದು ಕಲ್ಲು ಹಾಸಿದ ಬೀದಿ ಶುರುವಾಯಿತು. ಎರಡೂ ಬದಿಗೆ ತಗ್ಗಾದ ಒಂದಂತಸ್ತಿನ ಮನೆಗಳು. ಹಳದಿ, ತಿಳಿ ನೀಲಿ, ಹಸಿರು, ಬೂದು, ಕೆಮ್ಮಣ್ಣಿನ ಬಣ್ಣ. ಗೋಡೆಗೆ ಗೋಡೆ ತಾಗಿಸಿಕೊಂಡು ಬೀದಿಯ ಅಂಚಿಗೇ ನಿಂತಿವೆ. ನಮ್ಮಲ್ಲಿಯ ಹಾಗೆ ಮುಂಬದಿಯಲ್ಲಿ ಜಗಲಿ ಇಲ್ಲ. ಬೀದಿಯಲ್ಲಿ ಕಾಣುವುದು ಕಿಟಕಿ ಮತ್ತು ದೊಡ್ಡ ಮರದ ಗೇಟು. ಗೇಟು ದಾಟಿದರೆ ಒಳಗೆ ಅಂಗಳ. ಅಂಗಳದ ಸುತ್ತ ಕೊಟ್ಟಿಗೆ, ಉಗ್ರಾಣ, ಸೌದೆಯ ಕೋಣೆ, ಸೇಬಿನ ಮರ. ಹೊರಗಿನ ಕಣ್ಣಿಗೆ ಮನೆಯ ಹೆಂಗಸರು ಕಾಣದ ಹಾಗೆ ಇರುವ ಈ ಒಳ ಅಂಗಳವನ್ನು ನೋಡಿ ನನಗೆ ನಮ್ಮ ಹಳೆಯ ಮನೆಗಳ ನೆನಪಾಯಿತು.

ಒಂದೊಂದು ಮನೆಗೂ ಒಂದೊಂದು ಹೆಸರಿದೆ. ಹಿಂದಿನ ಒಡೆಯರ ಹೆಸರು, ಕಸುಬಿನ ಹೆಸರು. ಮನೆ ಕೈ ಬದಲಾದರೂ ಹೆಸರು ಬದಲಾಗಿಲ್ಲ. ಬೀದಿಗಳ ಜಾಡು ಕೂಡ ಮಧ್ಯಯುಗದ್ದು. ಕಿತುಕ್ರನ್ ಎಂಬ ಒಂದು ಓಣಿ ಇದೆ. ಇಡೀ ಫಿನ್‌ಲ್ಯಾಂಡಿನಲ್ಲಿ ಇಷ್ಟು ಕಿರಿದಾದ ಬೀದಿ ಇನ್ನೊಂದಿಲ್ಲವಂತೆ. ನಾನು ಎರಡೂ ಕೈ ಚಾಚಿ ನಡೆಯಲು ನೋಡಿದೆ. ಮಗಳು ಫೋಟೋ ತೆಗೆದಳು.

ಈ ಮನೆಗಳ ಗೋಡೆಯ ಒಳಗಿರುವುದು ಅಡ್ಡಕ್ಕೆ ಪೇರಿಸಿದ ಮರದ ದಿಮ್ಮಿಗಳು. ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೊರೆದು ಕೂರಿಸುತ್ತಾರೆ. ನಡುವಿನ ಸಂದಿಗೆ ಪಾಚಿ ತುಂಬುತ್ತಾರೆ, ಚಳಿಗಾಳಿ ನುಗ್ಗದಂತೆ. ಬೇಕಾದರೆ ದಿಮ್ಮಿಗಳಿಗೆ ಗುರುತು ಹಾಕಿ, ಇಡೀ ಮನೆಯನ್ನೇ ಬಿಚ್ಚಿ ಬೇರೆ ಕಡೆ ಜೋಡಿಸಬಹುದು. ಹೊರಗೆ ಕಾಣುವ ಚಂದದ ಹಲಗೆಗಳು ಆಮೇಲೆ ಹೊದಿಸಿದವು. 1890ರ ದಶಕದಲ್ಲಿ ರೌಮಾದ ಹಾಯಿಹಡಗುಗಳ ಪಡೆ ಫಿನ್‌ಲ್ಯಾಂಡಿನಲ್ಲೇ ಅತಿ ದೊಡ್ಡದಾಗಿತ್ತು. ಆ ಹಣದಿಂದ ಊರವರು ತಮ್ಮ ಮನೆಗಳಿಗೆ ಕೆತ್ತನೆಯ ಹಲಗೆ ಹೊದಿಸಿ ಸಿಂಗರಿಸಿದರು. ಕಟ್ಟಿದ್ದು ಒಂದು ಕಾಲ, ಉಡುಪು ಇನ್ನೊಂದು ಕಾಲ.

ಕಿಟಕಿಯ ನಾಯಿಗಳು

ಬೀದಿಯಲ್ಲಿ ನಡೆಯುವಾಗ ಎರಡು ವಿಚಿತ್ರಗಳನ್ನು ಕಂಡೆ. ಕೆಲವು ಕಿಟಕಿಗಳ ಹೊರಗೆ ಓರೆಯಾಗಿ ಪುಟ್ಟ ಕನ್ನಡಿ ಸಿಕ್ಕಿಸಿದ್ದರು. ಒಳಗೆ ಕುಳಿತವರಿಗೆ ತಲೆ ಹೊರಗೆ ಹಾಕದೆಯೇ ಬೀದಿಯಲ್ಲಿ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ಕಾಣುತ್ತದೆ. ಇದಕ್ಕೆ ಅವರಲ್ಲಿ 'ಚಾಡಿ ಕನ್ನಡಿ' ಎನ್ನುತ್ತಾರಂತೆ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಹೆಂಗಸರ ಸ್ವಭಾವಕ್ಕೆ ಗಡಿ ಇಲ್ಲ ನೋಡಿ. ಪರನಿಂದೆಯ ಬಗ್ಗೆ ನಮ್ಮ ಧರ್ಮ ಕೊಟ್ಟ ಎಚ್ಚರಿಕೆ ನೆನಪಾಗಿ ನಗು ಅರ್ಧಕ್ಕೇ ನಿಂತಿತು ಅನ್ನಿ.

ಎರಡನೆಯದು, ಕಿಟಕಿಯ ಕಟ್ಟೆಯ ಮೇಲೆ ಜೋಡಿಯಾಗಿ ಕುಳಿತಿರುವ ಪಿಂಗಾಣಿ ನಾಯಿಗಳು. ನಾವಿಕರು ಇಂಗ್ಲೆಂಡಿನಿಂದ ತರುತ್ತಿದ್ದ ಉಡುಗೊರೆ ಇದು. ಗಂಡ ಸಮುದ್ರದ ಮೇಲಿದ್ದರೆ ಹೆಂಡತಿ ನಾಯಿಗಳ ಮುಖವನ್ನು ಬೀದಿಯ ಕಡೆ ತಿರುಗಿಸಿಡುತ್ತಿದ್ದಳಂತೆ. ಗಂಡ ಮನೆಗೆ ಬಂದ ದಿನ ಮುಖ ಒಳಕ್ಕೆ. ಅಂಥ ಒಂದು ಕಥೆ ಆ ಕರಾವಳಿಯಲ್ಲಿ ಪ್ರಚಲಿತವಾಗಿದೆ.

ಈ ಕಥೆ ಕೇಳಿ ನಾನು ಆ ಕಿಟಕಿಯ ಮುಂದೆಯೇ ನಿಂತುಬಿಟ್ಟೆ. ನನ್ನ ಮದುವೆಯಾದ ಮೊದಲ ಹದಿನಾಲ್ಕು ವರ್ಷ ಇವರು ಗಲ್ಫಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ವಾರಕ್ಕೊಂದು ಪತ್ರ, ಆಮೇಲೆ ಶುಕ್ರವಾರದ ಫೋನು. ನಮ್ಮ ಕರಾವಳಿಯ ಎಷ್ಟು ಮನೆಗಳ ಹೆಂಗಸರು ಹೀಗೆ ಕಾದಿಲ್ಲ! ನಮ್ಮ ಕಿಟಕಿಗಳಲ್ಲಿ ನಾಯಿಯ ಬೊಂಬೆಗಳಿರಲಿಲ್ಲ ಅಷ್ಟೆ. ಮನೆಯನ್ನು ನಿಲ್ಲಿಸಿದವರು ಯಾರು ಎಂದು ಕೇಳಿದರೆ ರೌಮಾದಲ್ಲೂ ನಮ್ಮಲ್ಲೂ ಉತ್ತರ ಒಂದೇ.

ಅಂಥ ಎರಡು ಮನೆಗಳನ್ನು ಅಲ್ಲಿ ವಸ್ತು ಸಂಗ್ರಹಾಲಯ ಮಾಡಿದ್ದಾರೆ. ಮರೇಲಾ ಎಂಬುದು ಹಡಗಿನ ಒಡೆಯನ ಮನೆ. ಎತ್ತರದ ಹೆಂಚಿನ ಒಲೆಗಳು, ಬಣ್ಣದ ಮಾಡು, ದೊಡ್ಡ ಪಡಸಾಲೆ. ಕಿರ್ಸ್ತಿ ಎಂಬುದು ನಾವಿಕರು, ಕಸುಬುದಾರರು ಬಾಳಿದ ಮನೆ. ಸಣ್ಣ ಕೋಣೆ, ಗೋಡೆಗೆ ತಾಗಿದ ಮಂಚ, ಒಲೆಯ ಪಕ್ಕ ನೀರಿನ ಕೊಡ. ನನಗೆ ಎರಡನೆಯದೇ ಹೆಚ್ಚು ಹಿಡಿಸಿತು. ಅಲ್ಲಿ ಯಾರೋ ಈಗಷ್ಟೇ ಹಿತ್ತಿಲಿಗೆ ಹೋಗಿರುವಂತೆ ಅನಿಸುತ್ತದೆ.

ಸೇರಿನಲ್ಲಿ ಅಳೆದ ಬಟಾಣಿ

ಹೊಟ್ಟೆ ಹಸಿದಿತ್ತು. ಊರ ನಡುವೆ ಮಾರುಕಟ್ಟೆಯ ಚೌಕವಿದೆ. ಅದರ ಪಕ್ಕ 1776ರಲ್ಲಿ ಕಟ್ಟಿದ ಹಳೆಯ ಪುರಭವನ ಗಡಿಯಾರದ ಗೋಪುರ ಹೊತ್ತು ನಿಂತಿದೆ. ಚೌಕದಲ್ಲಿ ಸ್ಟ್ರಾಬೆರಿ, ಹೊಸ ಆಲೂಗಡ್ಡೆ, ಸಿಪ್ಪೆಯ ಹಸಿ ಬಟಾಣಿ ರಾಶಿ ಹಾಕಿದ್ದರು. ಅಲ್ಲಿ ಇವನ್ನೆಲ್ಲ ಲೀಟರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ನಮ್ಮ ಅಜ್ಜಿ ಸೇರಿನಲ್ಲಿ ಅಳೆಯುತ್ತಿದ್ದ ಹಾಗೆ. ಬಟಾಣಿಯನ್ನು ಬೇಯಿಸುವುದಿಲ್ಲ. ಸುಲಿದು ಹಸಿಯಾಗಿಯೇ ತಿನ್ನುತ್ತಾ ಬೀದಿ ಸುತ್ತುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಸಿಹಿಯಾಗಿತ್ತು.

ಹೊರಗೆ ತಿನ್ನುವಾಗ ಹಲಾಲ್ ಹರಾಮಿನ ಎಚ್ಚರ ಬೇಕಲ್ಲವೇ? ಮಗಳು ಕೆಲವು ಪದಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾಳೆ. 'ಸಿಕಾ' ಎಂದರೆ ಹಂದಿ. 'ಲಿವಾತೆ' ಎಂದರೆ ಜೆಲಾಟಿನ್, ಮಿಠಾಯಿಗಳಲ್ಲಿ ಇರುತ್ತದೆ. ಅಲ್ಲಿ ಮೀನು ಧಾರಾಳ, ಹಾಗಾಗಿ ಚಿಂತೆ ಕಡಿಮೆ. ನಾವು ಸಾಲ್ಮನ್ ಮೀನಿನ ಸಾರು ತೆಗೆದುಕೊಂಡೆವು. ಹಾಲು, ಆಲೂಗಡ್ಡೆ, ಮೀನು. ಮೇಲೆ ಉದುರಿಸಿದ್ದು ಏನು ಗೊತ್ತೇ? ನಮ್ಮ ಸಬ್ಬಸಿಗೆ ಸೊಪ್ಪು! ಖಾರದ ಹೆಸರಿಲ್ಲ. ಆದರೂ ಕಪ್ಪು ರೈ ರೊಟ್ಟಿಯೊಂದಿಗೆ ಹೊಟ್ಟೆ ತಣ್ಣಗಾಯಿತು. ಆಮೇಲೆ ಚಹಾದ ಜೊತೆ ದಾಲ್ಚಿನ್ನಿ, ಏಲಕ್ಕಿ ಹಾಕಿ ಸುರುಳಿ ಸುತ್ತಿ ಬೇಯಿಸಿದ ಬನ್. ಅದರ ಹೆಸರು ಕೊರ್ವಾಪುಸ್ತಿ. ಅರ್ಥ ಕೇಳಿದರೆ ಕಪಾಳಕ್ಕೆ ಕೊಟ್ಟ ಏಟು! ಏಲಕ್ಕಿಯ ಪರಿಮಳದಲ್ಲಿ ನನಗೆ ಒಂದು ಕ್ಷಣ ಈದ್ ಹಬ್ಬದ ಅಡುಗೆಮನೆ ಕಂಡಿತು.

ಝುಹರ್‌ನ ಸಮಯ ಅಲ್ಲಿ ಮಧ್ಯಾಹ್ನ ಒಂದೂ ಮುಕ್ಕಾಲರ ಹೊತ್ತಿಗೆ. ಊರ ನಡುವೆ ಹರಿಯುವ ಸಣ್ಣ ಹೊಳೆಯ ದಂಡೆಯಲ್ಲಿ, ಜನರಿಲ್ಲದ ಹುಲ್ಲಿನ ಮೂಲೆಯಲ್ಲಿ ಮುಸಲ್ಲಾ ಹಾಸಿದೆವು. ಊರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಮಾಝ್ ಮಾಡಿದವಳು ನಾನು. ಇಲ್ಲಿ ಕಿಬ್ಲಾ ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿ. ಜಗತ್ತಿನ ಯಾವ ಮೂಲೆಗೆ ಹೋದರೂ ಎಲ್ಲರ ಮುಖ ಒಂದೇ ಮನೆಯ ಕಡೆಗೆ ತಿರುಗುತ್ತದೆ ಎಂಬುದು ಗೊತ್ತಿದ್ದ ಮಾತೇ. ಆದರೆ ದಿಕ್ಕು ಬದಲಿಸಿ ನಿಂತಾಗ ಅದು ಮೈಗೆ ತಟ್ಟಿತು. ಒಬ್ಬ ಅಜ್ಜ ನಾಯಿಯನ್ನು ಹಿಡಿದುಕೊಂಡು ಬಂದವರು ನಮ್ಮನ್ನು ಕಂಡು ದೂರದಿಂದಲೇ ದಾರಿ ಬದಲಿಸಿ ಹೋದರು. ಕೋಪದಿಂದಲ್ಲ. ನಮಾಝ್ ಮುಗಿದ ಮೇಲೆ ಸೇತುವೆಯ ಆಚೆಯಿಂದ ಕೈ ಎತ್ತಿ ನಕ್ಕರು.

ಮರದ ಮಸೀದಿ

ಈ ದೇಶದಲ್ಲಿ ಮುಸ್ಲಿಮರು ಇತ್ತೀಚೆಗೆ ಬಂದವರು ಮಾತ್ರ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ರಷ್ಯಾದ ವೋಲ್ಗಾ ಸೀಮೆಯಿಂದ ತಾತಾರ್ ಮುಸ್ಲಿಮರು ಬಟ್ಟೆ, ತುಪ್ಪಳದ ವ್ಯಾಪಾರಕ್ಕೆಂದು ಬಂದು ನೆಲೆಸಿದರು. 1922ರ ಧಾರ್ಮಿಕ ಸ್ವಾತಂತ್ರ್ಯದ ಕಾನೂನಿನ ಬಳಿಕ, 1925ರಲ್ಲಿ ಅವರ ಜಮಾಅತ್‌ಗೆ ಸರಕಾರದ ಅಧಿಕೃತ ಮಾನ್ಯತೆ ದೊರೆಯಿತು. ಹೆಲ್ಸಿಂಕಿಯ ಉತ್ತರಕ್ಕಿರುವ ಯಾರ್ವೆನ್‌ಪಾ ಎಂಬ ಊರಿನಲ್ಲಿ 1942ರಲ್ಲಿ ಅವರು ಕಟ್ಟಿದ ಮಸೀದಿ ಇಂದಿಗೂ ಇದೆ. ಅದೂ ಮರದ್ದೇ, ಪುಟ್ಟ ಮಿನಾರ ಸಹಿತ. ಯುದ್ಧದ ಕಾಲದಲ್ಲಿ ಕೈಗೆ ಸಿಕ್ಕುವ ಮರದಿಂದಲೇ ಅಲ್ಲಾಹನ ಭವನ ಕಟ್ಟಿದ ಆ ಸಣ್ಣ ಸಮುದಾಯದ ಬಗ್ಗೆ ಗೌರವ ಮೂಡಿತು. ನೆಲದ ಕಾನೂನನ್ನು ಪಾಲಿಸುತ್ತಾ, ತಮ್ಮ ಭಾಷೆ, ಧರ್ಮವನ್ನೂ ಬಿಡದೆ ಅವರು ಅಲ್ಲಿ ಐದಾರು ತಲೆಮಾರು ಬಾಳಿದ್ದಾರೆ. ದೂರ ದೇಶದಲ್ಲಿ ಮಕ್ಕಳನ್ನು ಬಿಟ್ಟಿರುವ ನನ್ನಂಥ ತಾಯಂದಿರಿಗೆ ಇದು ಧೈರ್ಯ ಕೊಡುವ ಮಾತು.

ನೂಲು ಹೆಣೆಯುವ ಕೈಗಳು

ರೌಮಾದ ಇನ್ನೊಂದು ಹೆಸರು ಲೇಸ್. ಹದಿನೆಂಟನೇ ಶತಮಾನದಲ್ಲಿ ಊರಿನ ಹೆಂಗಸರು ಮನೆಮನೆಯಲ್ಲೂ ಅಗಸೆ ನಾರಿನ ತೆಳು ನೂಲಿನಿಂದ ಲೇಸ್ ಹೆಣೆಯುತ್ತಿದ್ದರು. ಈಗಲೂ 1971ರಿಂದ ಪ್ರತಿ ವರ್ಷ ಜುಲೈ ಕೊನೆಯಲ್ಲಿ ಅಲ್ಲಿ ಲೇಸ್ ಸಪ್ತಾಹ ನಡೆಯುತ್ತದೆ. ನಾವು ಹೋದದ್ದು ಅದಕ್ಕೆ ಸ್ವಲ್ಪ ಮೊದಲು.

ಒಂದು ಅಂಗಳದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹೆಣೆಯುತ್ತಾ ಕುಳಿತಿದ್ದರು. ಮಡಿಲಲ್ಲಿ ಗಟ್ಟಿಯಾದ ದಿಂಬು. ದಿಂಬಿನ ಮೇಲೆ ನಕ್ಷೆ. ನಕ್ಷೆಯ ತುಂಬ ಗುಂಡುಸೂಜಿ. ಬಾಬಿನ್ ಎಂಬ ಪುಟ್ಟ ಮರದ ಕಡ್ಡಿಗಳಿಗೆ ನೂಲು ಸುತ್ತಿದೆ. ಎರಡೆರಡು ಜೋಡಿಯನ್ನು ಕೈಗೆ ತೆಗೆದುಕೊಂಡು ಅಡ್ಡ ಹಾಯಿಸುವುದು, ತಿರುಚುವುದು, ಸೂಜಿ ಚುಚ್ಚುವುದು. ಇಷ್ಟೇ. ಆದರೆ ಕೈ ಓಡುವ ವೇಗಕ್ಕೆ ಕಡ್ಡಿಗಳು ಮಳೆ ಹನಿಯ ಹಾಗೆ ಟಕಟಕ ಸದ್ದು ಮಾಡುತ್ತವೆ. ಬೆರಳಗಲದ ಪಟ್ಟಿ ಒಂದು ಗೇಣು ಬೆಳೆಯಬೇಕಾದರೆ ತಾಸುಗಟ್ಟಲೆ ಬೇಕು.

ನನ್ನ ತಲೆವಸ್ತ್ರವನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಏನು ಕೇಳುತ್ತಾರೋ ಎಂದು ನನಗೆ ಅಳುಕು. ಅವರು ಮಗಳೊಡನೆ ಫಿನ್ನಿಶ್‌ನಲ್ಲಿ ಏನೋ ಹೇಳಿ, ಎದ್ದು ಒಳಗೆ ಹೋಗಿ ಒಂದು ಹಳೆಯ ಚಿತ್ರ ತಂದರು. ರೇಷ್ಮೆಯ ಗಟ್ಟಿ ಟೋಪಿ ಧರಿಸಿದ ಹೆಂಗಸಿನ ಚಿತ್ರ. ಹಣೆಯ ಮೇಲೆ ಟೋಪಿಯ ಅಂಚಿಗೆ ಬಿಳಿಯ ಲೇಸ್. "ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮದುವೆಯಾದವಳು ಬರಿತಲೆಯಲ್ಲಿ ಹೊರಗೆ ಬರುತ್ತಿರಲಿಲ್ಲ. ನಮ್ಮೂರಿನ ಲೇಸ್ ಇಷ್ಟು ಹೆಸರಾದದ್ದು ಇದರಿಂದಲೇ ಅಂತ ನಿನ್ನ ತಾಯಿಗೆ ಹೇಳು" ಎಂದರು. ನಿಜವೇ. ಆ ಟೋಪಿಯ ರೂಢಿ ಹೋದ ಮೇಲೆ ಲೇಸ್‌ಗೆ ಗಿರಾಕಿಗಳು ಕಡಿಮೆಯಾಗಿ ಕಸುಬೇ ಕುಂದಿತು. ಹೆಣೆಯುವುದನ್ನು ತಾಯಿ ಮಗಳಿಗೆ ಕಲಿಸಿದ್ದರಿಂದ ಕಲೆ ಉಳಿಯಿತು.

ನನ್ನ ಶಾಲಿನ ಅಂಚಿನಲ್ಲಿ ನಮ್ಮ ಉಮ್ಮ ಕ್ರೋಶಾ ಕಡ್ಡಿಯಿಂದ ಹಾಕಿದ ಹೆಣಿಗೆ ಇತ್ತು. ಅಜ್ಜಿ ಅದನ್ನು ಕನ್ನಡಕ ಏರಿಸಿ ನೋಡಿ, ಬೆರಳಿನಿಂದ ಎಣಿಸಿ, ತಲೆಯಾಡಿಸಿದರು. "ಇದನ್ನು ಹೆಣೆಯಲು ನಿಮಗೆ ಬರುತ್ತದೆಯೇ?" ಎಂದು ಕೇಳಿದರು. ನನಗೆ ಬರುವುದಿಲ್ಲ. ಉಮ್ಮ ಕಲಿಸಲು ಕರೆದಾಗಲೆಲ್ಲ ನನಗೆ ಏನಾದರೊಂದು ಕೆಲಸ ಇರುತ್ತಿತ್ತು. ಮಗಳು ನನ್ನ ಉತ್ತರವನ್ನು ಅನುವಾದಿಸಿದಳು. ಅಜ್ಜಿ ಮತ್ತೇನೂ ಕೇಳಲಿಲ್ಲ.

ವರ್ಷಕ್ಕೊಂದು ಗೋಡೆ

ಸಂಜೆ ಹೊಳೆಯ ಬದಿಯಿಂದ ಪವಿತ್ರ ಶಿಲುಬೆಯ ಚರ್ಚಿನ ಕಡೆ ಬಂದೆವು. ಇಡೀ ಊರು ಮರದ್ದಾದರೆ ಇದು ಕಲ್ಲಿನದು. ಫ್ರಾನ್ಸಿಸ್ಕನ್ ಸನ್ಯಾಸಿಗಳು 1520ರ ಸುಮಾರಿಗೆ ಕಟ್ಟಿದ್ದು. ಬೆಂಕಿಗಳನ್ನು ದಾಟಿ ನಿಂತಿದೆ. ಹಿಂದೆ ಸಮುದ್ರ ಊರಿಗೆ ಇನ್ನೂ ಹತ್ತಿರವಿತ್ತು. ಅಲ್ಲಿ ನೆಲವೇ ವರ್ಷಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಮೇಲೇಳುತ್ತಾ ಇದೆ. ಹಿಮಯುಗದ ಮಂಜಿನ ಭಾರದಡಿ ಕುಸಿದಿದ್ದ ನೆಲ ಸಾವಿರಾರು ವರ್ಷಗಳಿಂದ ನಿಧಾನವಾಗಿ ಎದ್ದು ಬರುತ್ತಿದೆ. ಹಾಗಾಗಿ ಬಂದರು ದೂರ ಸರಿದಿದೆ. ಕಡಲು ದಡವನ್ನು ನುಂಗುವುದನ್ನು ನೋಡಿ ಬೆಳೆದ ನಮಗೆ ಇದು ಸೋಜಿಗ. ಅಲ್ಲಾಹನ ಸೃಷ್ಟಿಯಲ್ಲಿ ಎಷ್ಟು ಬಗೆ!

ಚರ್ಚಿನ ಹಿಂದಿನ ಬೀದಿಯಲ್ಲಿ ಒಬ್ಬರು ಏಣಿಯ ಮೇಲೆ ನಿಂತು ತಮ್ಮ ಮನೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಇಂಗ್ಲಿಷ್ ಬಲ್ಲವರು. ನಾನು ಮನಸ್ಸಿನಲ್ಲಿ ಬೆಳಗಿನಿಂದ ಇದ್ದ ಪ್ರಶ್ನೆ ಕೇಳಿಯೇಬಿಟ್ಟೆ. ಇಷ್ಟು ಹಳೆಯ ಮನೆಯ ರಿಪೇರಿಯ ಖರ್ಚನ್ನು ಹೇಗೆ ತೂಗಿಸುತ್ತೀರಿ?

ಅವರು ಏಣಿಯಿಂದ ಇಳಿದು ಬಂದು ವಿವರಿಸಿದರು. ಮನೆ ಅವರದ್ದೇ ಆದರೂ ಹೊರರೂಪ ಬದಲಿಸಬೇಕಾದರೆ ಅನುಮತಿ ಬೇಕು. ಅಗಸೆ ಎಣ್ಣೆಯ ಬಣ್ಣವನ್ನೇ ಬಳಸುತ್ತಾರೆ. ಪ್ಲಾಸ್ಟಿಕ್ ಬಣ್ಣ ಬಳಿದರೆ ಮರದೊಳಗಿನ ಪಸೆ ಹೊರಗೆ ಹೋಗದೆ ಒಳಗೇ ಕೊಳೆಯುತ್ತದೆ. ಕೊಟ್ಟಿಗೆಗಳಿಗೆ ಕೆಮ್ಮಣ್ಣು, ರೈ ಹಿಟ್ಟು, ಅನ್ನಭೇದಿ, ನೀರು ಸೇರಿಸಿ ಕುದಿಸಿದ ಬಣ್ಣ. ನಮ್ಮ ಅಜ್ಜಿಯಂದಿರು ಗಂಜಿ ಕಾಯಿಸಿದ ಹಾಗೆಯೇ. ಹಳೆಯ ಮನೆ ರಿಪೇರಿ ಮಾಡುವವರಿಗೆ ಸಲಹೆ ಕೊಡಲೆಂದೇ ಊರಿನಲ್ಲಿ ತಮ್ಮೇಲಾ ಎಂಬ ಕೇಂದ್ರವಿದೆ. ಹಳೆಯ ಕಿಟಕಿ, ಬಾಗಿಲುಗಳನ್ನು ಬಿಸಾಡುವುದಿಲ್ಲ. ಕೆಟ್ಟ ತುಂಡನ್ನಷ್ಟೇ ಕತ್ತರಿಸಿ ಹೊಸ ಮರ ಸೇರಿಸುತ್ತಾರೆ.

"ಎಲ್ಲವನ್ನೂ ಒಂದೇ ಸಲ ಮಾಡಲು ಹೋದರೆ ನಾನೂ ಮಾರಬೇಕಾಗುತ್ತಿತ್ತು" ಎಂದರು ಅವರು. "ವರ್ಷಕ್ಕೊಂದು ಗೋಡೆ. ನಾಲ್ಕು ವರ್ಷಕ್ಕೆ ಒಂದು ಸುತ್ತು. ಮತ್ತೆ ಮೊದಲ ಗೋಡೆಗೆ ಬರುತ್ತೇನೆ. ಚಳಿಗಾಲದಲ್ಲಿ ಮಾತ್ರ ಒಲೆ ಆರಬಾರದು. ಮನೆಯಲ್ಲಿ ಜನ ಇರಬೇಕು. ಖಾಲಿ ಬಿಟ್ಟ ಮನೆ ಬೇಗ ಸಾಯುತ್ತದೆ."

ನಾನು ಅವರಿಗೆ ವಂದನೆ ಹೇಳಿ ಮುಂದೆ ನಡೆದೆ. ಮಗಳು ನನ್ನ ಮುಖ ನೋಡಿದಳು, ಮಾತಾಡಲಿಲ್ಲ. ಅವಳೂ ಆ ಹಂಚಿನ ಮನೆಯ ಅಟ್ಟದಲ್ಲಿ ಬೇಸಿಗೆ ರಜೆ ಕಳೆದವಳೇ.

ಮರಳುವಾಗ

ಬಸ್ ಹತ್ತುವಾಗ ರಾತ್ರಿ ಎಂಟು ಗಂಟೆ. ಬಿಸಿಲು ಇನ್ನೂ ಬೀದಿಯ ಮೇಲಿತ್ತು. ಜುಲೈ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತೂವರೆಯ ಮೇಲೆ. ಮಗ್ರಿಬ್‌ನ ಬೆಳಕು ಪೂರ್ತಿ ಆರುವ ಮೊದಲೇ ಫಜ್ರ್‌ನ ಬೆಳಕು ಮೂಡುತ್ತದೆ. ರಮಝಾನ್ ಜೂನ್‌ನಲ್ಲಿ ಬಂದ 2015, 2016ರಂಥ ವರ್ಷಗಳಲ್ಲಿ ಅಲ್ಲಿನವರು ಹತ್ತೊಂಬತ್ತು ಗಂಟೆಗೂ ಹೆಚ್ಚು ಉಪವಾಸ ಹಿಡಿದದ್ದುಂಟು. ಇಂಥ ಕಡೆಗಳಿಗೆ ಮಕ್ಕಾದ ಸಮಯವನ್ನು ಅನುಸರಿಸಬಹುದೆಂದು ಹೇಳಿದ ವಿದ್ವಾಂಸರೂ ಇದ್ದಾರೆ.

ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಬದುಕನ್ನು ನೋಡಿ ಪಾಠ ಕಲಿಯಲು ಪವಿತ್ರ ಕುರ್‌ಆನ್ ನಮಗೆ ಮತ್ತೆ ಮತ್ತೆ ಹೇಳುತ್ತದೆ. ನಾನು ಇಷ್ಟು ದಿನ ಆ ಮಾತಿನಲ್ಲಿ ಹಾಳು ಬಿದ್ದ ಅರಮನೆಗಳನ್ನಷ್ಟೇ ಕಂಡಿದ್ದೆ. ಉಳಿಸಿಕೊಂಡ ಮನೆಗಳಲ್ಲೂ ಪಾಠವಿದೆ. ಮನೆಯೂ ಒಂದು ಅಮಾನತ್ ತಾನೇ? ಹಳೆಯದೆಲ್ಲ ಉಳಿಯಲೇಬೇಕು ಎಂದು ನಾನು ವಾದಿಸುವುದಿಲ್ಲ. ನಮ್ಮ ಮಳೆ, ನಮ್ಮ ಗೆದ್ದಲು, ಪಾಲಿನ ಲೆಕ್ಕ, ಎಲ್ಲವೂ ಬೇರೆ. ಆದರೆ ಕೆಡವುವ ಮೊದಲು ನಾವು ಒಮ್ಮೆಯಾದರೂ ಕೂತು ಲೆಕ್ಕ ಹಾಕಿದ್ದೇವೆಯೇ? ಇಡೀ ಮನೆಯ ರಿಪೇರಿಯ ಮೊತ್ತ ಕೇಳಿ ಹೆದರಿದ ನಾವು, ಒಂದು ಗೋಡೆಯ ಮೊತ್ತವನ್ನು ಯಾರಲ್ಲೂ ಕೇಳಿರಲಿಲ್ಲ.

ತುರ್ಕು ತಲುಪಿದಾಗ ಊರಿನಲ್ಲಿ ನಡುರಾತ್ರಿ. ಫಜ್ರ್ ಕಳೆಯುವವರೆಗೆ ಕಾದು ದೊಡ್ಡಣ್ಣನಿಗೆ ಫೋನ್ ಮಾಡಿದೆ. "ಇಕ್ಕಾ, ಈ ವರ್ಷ ಮಾಡು ಮಾತ್ರ ಸರಿ ಮಾಡಿಸೋಣ. ಪಕ್ಕಾಸು, ರೀಪು, ಒಡೆದ ಹಂಚು. ನನ್ನ ಪಾಲಿನ ಖರ್ಚು ನಾನು ಕೊಡ್ತೇನೆ. ಉಳಿದದ್ದನ್ನು ಬರುವ ವರ್ಷ ನೋಡೋಣ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ, "ಮಾಡು ಸರಿಯಾದರೆ ಯಾರು ಇರ್ತಾರೆ ಅಲ್ಲಿ?" ಎಂದು ಕೇಳಿದರು.

ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿರಲಿಲ್ಲ. "ಬೇಸಿಗೆ ರಜೆಗೆ ಮೊದಲು ನಾವೇ ಹೋಗಿ ಇರೋಣ, ಮಕ್ಕಳನ್ನೂ ಕರೆಯೋಣ" ಎಂದೆ. "ಇನ್ಶಾ ಅಲ್ಲಾಹ್, ಆಚಾರಿಯನ್ನು ಕರೆಸಿ ಮಾಡಿಗೆ ಎಷ್ಟಾಗುತ್ತೆ ಕೇಳ್ತೇನೆ" ಎಂದು ಅಣ್ಣ ಫೋನ್ ಇಟ್ಟರು.

ಬರುವಾಗ ಆ ಲೇಸ್ ಅಜ್ಜಿಯಿಂದ ಒಂದು ಗೇಣು ಪಟ್ಟಿ ಕೊಂಡು ತಂದಿದ್ದೇನೆ. ಜೊತೆಗೆ ಉಮ್ಮನ ಹಳೆಯ ಕ್ರೋಶಾ ಕಡ್ಡಿಯನ್ನೂ ಪೆಟ್ಟಿಗೆಯಿಂದ ಹುಡುಕಿ ತೆಗೆದಿದ್ದೇನೆ. ಪಕ್ಕದ ಮನೆಯ ಅತ್ತೆಗೆ ಆ ಹೆಣಿಗೆ ಬರುತ್ತದೆ. ಕಲಿಸುತ್ತೇನೆ ಬಾ ಎಂದಿದ್ದಾರೆ.